ಆರು ದಿನಗಳ ವೇಳಾಪಟ್ಟಿ

ನಮ್ಮ ಮನೆಯಲ್ಲಿ ನನ್ನ ಮುಟ್ಟಿಗೆ ಒಂದು ವೇಳಾಪಟ್ಟಿ ಇದೆ. ಬರೆದವರು ನನ್ನ ಗಂಡ. ಬಸ್ ಡಿಪೋದಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಬರೆಯುವುದು ಅವರ ಕೆಲಸ. ಹಾಗಾಗಿ ಗೆರೆ ಎಳೆದು, ಚೌಕ ಮಾಡಿ, ಇಡೀ ವರ್ಷದ್ದನ್ನು ಒಂದೇ ಹಾಳೆಯಲ್ಲಿ ಕೂರಿಸಿದ್ದಾರೆ. ತಿಂಗಳಿಗೆ ಆರು ಚೌಕ ಹಸಿರು. ಆ ಆರು ದಿನ ಅವರೂ ಮಗಳೂ ನಾಲ್ಕು ಸ್ಟಾಪ್ ಆಚೆಯ ಅವರ ಅಕ್ಕನ ಮನೆಯಲ್ಲಿರುತ್ತಾರೆ. ನಾನು ಇಲ್ಲಿರುತ್ತೇನೆ.

ನೀವು ಅವರನ್ನು ಬೈದುಕೊಳ್ಳುವ ಮುಂಚೆ ಹೇಳಿಬಿಡುತ್ತೇನೆ, ಈ ಏರ್ಪಾಡು ನನ್ನದೇ.

ಮುಟ್ಟಿಗೆ ಒಂದು ವಾರ ಇದೆ ಎನ್ನುವಾಗ ನಾನು ನಾನಾಗಿರುವುದಿಲ್ಲ. ಎದೆ ಭಾರವಾಗಿ ನೋಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಬೆರಳು ಊದಿ ಉಂಗುರ ಕಚ್ಚುತ್ತದೆ. ಅದನ್ನೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು ಸಿಟ್ಟು. ಹಿಂದಿನ ವರ್ಷ ಇಂಥದ್ದೇ ಒಂದು ಸಂಜೆ, ಅಕ್ಷರ ಸೊಟ್ಟಗಿದೆ ಎಂದು ಮಗಳ ನೋಟ್‌ಬುಕ್ಕಿನ ಎರಡು ಹಾಳೆ ಹರಿದುಹಾಕಿದೆ. ಒಂಬತ್ತು ವರ್ಷದ ಹುಡುಗಿ, ಅಳಲಿಲ್ಲ. ನಾನು ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಬಟ್ಟೆ ನೀರಿಗೆ ಹಾಕುವ ಮುಂಚೆ ಜೇಬು ತಡವುವುದು ನನಗೆ ಅಭ್ಯಾಸ. ಮರುದಿನ ಅವಳ ಫ್ರಾಕಿನ ಜೇಬಿನಲ್ಲಿ ಆ ಹಾಳೆಯ ಚೂರುಗಳೆಲ್ಲ ಸಿಕ್ಕವು. ಒಂದನ್ನೂ ಬಿಡದೆ ಆರಿಸಿಟ್ಟುಕೊಂಡಿದ್ದಳು. ಬಚ್ಚಲುಮನೆಯ ನೆಲದ ಮೇಲೆ ಕೂತು ನಾನು ಅತ್ತೆ.

ಆಗ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ನನ್ನ ಮಾತನ್ನು ಪೂರ್ತಿ ಕೇಳಿ, ಇದಕ್ಕೆ ಹೆಸರಿದೆ, ನೀವೊಬ್ಬರೇ ಅಲ್ಲ ಎಂದರು. ದಿನಾ ಹೇಗಿರುತ್ತೀರಿ ಎಂದು ಮೂರು ತಿಂಗಳು ಬರೆಯಲು ಹೇಳಿದರು. ಬರೆದೆ. ಕಾಫಿ ಕಡಿಮೆ ಮಾಡಿದೆ, ನಡೆಯಲು ಶುರು ಮಾಡಿದೆ, ಆಕೆ ಕೊಟ್ಟ ಮಾತ್ರೆ ನುಂಗಿದೆ. ಎಷ್ಟೋ ಹಗುರವಾಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಆ ಚೂರುಗಳು ನನ್ನ ಕಣ್ಣಿಂದ ಹೋಗಿರಲಿಲ್ಲ. ಗಂಡನನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು, "ಆ ಆರು ದಿನ ನೀವಿಬ್ಬರೂ ಇಲ್ಲಿರಬೇಡಿ. ಆಗ ನಾನು ಏನು ಹೇಳಿದ್ರೂ ನಂಬಬೇಡಿ. ಸರಿಯಾಗಿದ್ದೀನಿ ಬನ್ನಿ ಅಂತ ಕರೆದ್ರೂ ಬರಬೇಡಿ" ಎಂದೆ.

ಗಂಡ ತಕ್ಷಣ ಹಾಳೆ, ಸ್ಕೇಲು ತಂದರು. ಮೂರು ತಿಂಗಳ ಲೆಕ್ಕ ಹಿಡಿದು ವರ್ಷದ್ದನ್ನು ಬರೆದರು. ಮಗಳು ಹಸಿರು ತುಂಬಿದಳು.

ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ನನ್ನ ಮೈ ವೇಳಾಪಟ್ಟಿ ಓದುವುದನ್ನು ಬಿಟ್ಟಿತು. ನಲವತ್ತಮೂರು ದಾಟಿದವಳಿಗೆ ಇದೆಲ್ಲ ಹಿಂದೆ ಮುಂದೆ ಆಗುವುದು ಸಹಜ. ಕಳೆದ ಸಲ ಆರು ದಿನ ತಡವಾಯಿತು. "ಲೆಕ್ಕ ತಿದ್ದಬೇಕು ಕಣ್ರೀ" ಎಂದೆ. ಅವರು ನಕ್ಕರು. "ಒಂದು ದಿನ ಬಸ್ಸು ತಡವಾಯ್ತು ಅಂತ ವೇಳಾಪಟ್ಟಿ ತಿದ್ದಕ್ಕಾಗುತ್ತಾ?"

ಹೀಗಾಗಿ ಈ ತಿಂಗಳು, ಸೋಮವಾರ ಸಂಜೆ, ಒಂದು ಬ್ಯಾಗು ತುಂಬಿಕೊಂಡು ಅವರಿಬ್ಬರೂ ಹೊರಟುನಿಂತಾಗ ನಾನು ಕಲ್ಲುಗುಂಡಿನ ಹಾಗಿದ್ದೆ. "ನನಗೇನೂ ಆಗಿಲ್ಲ, ಇದು ಮುಂದಿನ ವಾರಕ್ಕೆ" ಎಂದೆ. ಗಂಡ ಹೆಗಲು ತಟ್ಟಿದರು. ಮಗಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದಳು. ಅವಳನ್ನು ನಾವು ಗುಂಡಿ ಎಂದು ಕರೆಯುತ್ತೇವೆ. ಅಂಗಿಯ ಗುಂಡಿ, ರಸ್ತೆಯ ಗುಂಡಿಯಲ್ಲ ಎಂದು ಶಾಲೆಯಲ್ಲಿ ಎಲ್ಲರಿಗೂ ಬಿಡಿಸಿ ಹೇಳುವುದೇ ಅವಳಿಗೊಂದು ಕೆಲಸ.

ಮಂಗಳವಾರ ಅಂಗಡಿಯಲ್ಲಿ ಒಂದು ಬಿಳಿ ಕೋಟಿನ ಶಾಯಿ ಕಲೆಯನ್ನು ಮುಕ್ಕಾಲು ಗಂಟೆ ಸಮಾಧಾನವಾಗಿ ತೆಗೆದೆ. ಇಸ್ತ್ರಿ ಹಾಕುವವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದೇವೆ, ಅವನ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಅವನು ತನ್ನ ಭಾವಮೈದುನನ ಮದುವೆಯ ಜಗಳವನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಂಬರ್ ಚೀಟಿ ಕಳೆದುಕೊಂಡು ಬಂದ ಒಬ್ಬ ಗಿರಾಕಿ ನನ್ನ ಮೇಲೆಯೇ ರೇಗಿದರೂ ಕೂತ್ಕೊಳ್ಳಿ ಸಾರ್ ಎಂದೆ. ಅಷ್ಟು ಸರಿಯಾಗಿದ್ದೆ. ಆದರೆ ಬಾಗಿಲು ಹಾಕುವ ಹೊತ್ತಿಗೆ ನಾನು ಇನ್ನೂ ಹ್ಯಾಂಗರುಗಳನ್ನು ಸಾಲು ಮಾಡುತ್ತಿದ್ದೆ.

"ಅಕ್ಕಾ, ಮನೆಗೆ ಹೋಗಲ್ವಾ?" ಎಂದ ರೇಡಿಯೋ.

"ಹೋದ್ರಾಯ್ತು" ಎಂದೆ.

ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಅನ್ನ ಎಷ್ಟು ಕಡಿಮೆ ಹಾಕಿದರೂ ಉಳಿಯುತ್ತಿತ್ತು. ಮೈ ಸರಿಯಿಲ್ಲದಾಗ ಒಂಟಿಯಾಗಿರುವುದು ಬೇರೆ, ಆಗ ಗೋಡೆಯೂ ಬೇಡ ಅನ್ನಿಸುತ್ತದೆ. ಚೆನ್ನಾಗಿರುವಾಗ ಒಂಟಿಯಾಗಿರುವುದು ಬೇರೆ. ಹೇಳಿಕೊಳ್ಳಲು ರೇಡಿಯೋ ಹೇಳಿದ ಒಳ್ಳೆಯ ಕತೆ ಇತ್ತು, ಕೇಳುವವರು ಇರಲಿಲ್ಲ.

ಬುಧವಾರ ಸಂಜೆ ಫೋನ್ ಮಾಡಿದೆ.

"ರೀ, ನಿಜವಾಗ್ಲೂ ಸರಿಯಾಗಿದ್ದೀನಿ. ಬಂದುಬಿಡಿ."

"ಇನ್ನು ನಾಲ್ಕೇ ದಿನ ಕಣೇ. ತುಂಬಾ ಚೆನ್ನಾಗಿ ನಿಭಾಯಿಸ್ತಿದ್ದೀಯ."

"ನಿಭಾಯಿಸೋಕೆ ಏನೂ ಇಲ್ಲ ಅಂತಾನೇ ಹೇಳ್ತಿರೋದು."

"ಮಾತ್ರೆ ತಗೊಂಡ್ಯಾ?"

ಸಿಟ್ಟು ಬಂದಿದ್ದರೆ ಸಿಟ್ಟು ಬಂತು ಎನ್ನುತ್ತಿದ್ದರು, ಸುಮ್ಮನಿದ್ದರೆ ಮುನಿಸು ಎನ್ನುತ್ತಿದ್ದರು. ನನಗೆ ಅಳು ಬಂತು.

"ನೋಡು, ಅಳ್ತಿದ್ದೀಯ. ಅದೇ ಇದು" ಎಂದರು, ತುಂಬಾ ಮೃದುವಾಗಿ.

ಗುಂಡಿಗೆ ಕೊಡಿ ಎಂದೆ. ಅವಳು ಫೋನ್ ತೆಗೆದುಕೊಂಡಳು. "ಅಮ್ಮಾ, ನೀನು ಕರೆದ್ರೂ ಬರಬಾರದು ಅಂತ ನೀನೇ ಹೇಳಿದ್ಯಲ್ಲ" ಎಂದಳು. "ಹೌದು ಪುಟ್ಟಾ, ಜಾಣೆ" ಎಂದೆ. ಇನ್ನೇನು ಹೇಳಲಿ? ಬಾಗಿಲಿಗೆ ಬೀಗ ಹಾಕಿಸಿ ಬೀಗದ ಕೈಯನ್ನೂ ಅವರಿಗೇ ಕೊಟ್ಟವಳು ನಾನು.

ಶನಿವಾರ ಬೆಳಿಗ್ಗೆ ಉಂಗುರ ಬೆರಳಿನಿಂದ ಹೊರಬರಲಿಲ್ಲ. ಎದೆ ನೋವು ಶುರುವಾಗಿತ್ತು. ರೇಡಿಯೋ ಭಾವಮೈದುನನ ವಿಷಯ ಎತ್ತಿದ ಕೂಡಲೇ, "ನಿನ್ನ ಬಾಯಿಗಿಷ್ಟು ಹೊಲಿಗೆ ಹಾಕ್ಲಾ?" ಎಂದೆ. ಅವನು ಪಾಪ, ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ನನಗೆ ಭಯವಾಯಿತು. ಭಾನುವಾರ ಅವರು ಬರುತ್ತಾರೆ. ಅಮ್ಮ ಈಗ ಸರಿಯಾಗಿದ್ದಾಳೆ ಎಂದು ನಂಬಿಕೊಂಡು ಮಗು ನೇರ ನನ್ನ ಕೈಗೆ ಬಂದು ಬೀಳುತ್ತದೆ.

ಮಧ್ಯಾಹ್ನ ಫೋನ್ ಮಾಡಿ, "ನಾಳೆ ಬರಬೇಡಿ" ಎಂದೆ.

"ಮೊನ್ನೆ ಬನ್ನಿ ಅಂದೆ, ಇವತ್ತು ಬೇಡ ಅಂತೀಯ. ನಾಳೆ ಮುಗಿಯುತ್ತೆ ಬಿಡು" ಎಂದರು ಗಂಡ. ಅವರ ಲೆಕ್ಕಕ್ಕೆ ಎರಡೂ ಮಾತು ಒಂದೇ ಚೌಕದೊಳಗಿದ್ದವು.

ಭಾನುವಾರ ಹತ್ತು ಗಂಟೆಗೆ ಬಂದರು. ಒಂದು ನಿಮಿಷ ಆಚೆ ಈಚೆ ಇಲ್ಲ. ಗುಂಡಿ ಓಡಿಬಂದು ತಬ್ಬಿಕೊಂಡಳು. ಎದೆಗೆ ತಲೆ ತಾಗಿ ಜೀವ ಹೋದಂತಾಯಿತು. ಅವಳ ಭುಜ ಹಿಡಿದು ಮೆಲ್ಲಗೆ ಸರಿಸಿದೆ. ಅಷ್ಟು ಮೆಲ್ಲಗೆ ಯಾವ ರೇಷ್ಮೆಯನ್ನೂ ನಾನು ಮುಟ್ಟಿಲ್ಲ.

"ಪುಟ್ಟಾ, ನಿನ್ನೆಯಿಂದ ಶುರುವಾಗಿದೆ. ಅಪ್ಪನ ಲೆಕ್ಕ ತಪ್ಪಿದೆ."

ಅವಳು ಅಪ್ಪನನ್ನು ನೋಡಿದಳು, ನನ್ನ ಊದಿದ ಬೆರಳನ್ನು ನೋಡಿದಳು. "ಹಾಗಾದ್ರೆ ಹೋದ ವಾರ ನೀನು ಸರಿಯಾಗೇ ಇದ್ಯಾ?"

"ಇದ್ದೆ."

"ಮತ್ತೆ ಫೋನಲ್ಲಿ ಅತ್ತಿದ್ದು?"

"ಅದು ನೀನಿಲ್ಲ ಅಂತ."

ಗಂಡ ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ಸಣ್ಣದಾಯಿತು. ಒಳ್ಳೆಯ ಮನುಷ್ಯ, ತಪ್ಪು ತಿಳಿದ ಕೂಡಲೇ ತಿದ್ದಿಕೊಳ್ಳುವವರು. ಬ್ಯಾಗನ್ನು ಮತ್ತೆ ಹೆಗಲಿಗೇರಿಸಿ, "ಹಾಗಾದ್ರೆ ಇನ್ನೊಂದು ವಾರ ಅಕ್ಕನ ಮನೇಲೇ ಇರ್ತೀವಿ" ಎಂದರು.

ನಾನು ಹೂಂ ಅನ್ನಬೇಕಿತ್ತು. ನಿಯಮ ನನ್ನದು, ಅದೂ ನಿಯಮದ ಸರಿಯಾದ ದಿನ. ಆದರೆ ಇನ್ನೊಂದು ವಾರದ ಒಂದು ತಟ್ಟೆ, ಒಂದು ಲೋಟ ನನ್ನಿಂದಾಗಲಿಲ್ಲ.

"ಹೋಗ್ಬೇಡಿ" ಎಂದೆ. "ನಾನು ಬೈತೀನಿ. ಖಂಡಿತ ಬೈತೀನಿ. ಬೈದಾಗ ಒಳಗಡೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಮನೆ ಬಿಟ್ಟು ಹೋಗ್ಬೇಡಿ."

ಗಂಡ ತಲೆ ಕೆರೆದುಕೊಂಡರು. "ಈ ಮಾತು ನಂಬಬೇಕೋ, ಬೇಡವೋ?"

ಗುಂಡಿ ಯೋಚಿಸಿದಳು. "ನಾವು ಬಾಗಿಲು ಹಾಕ್ಕೊಂಡ್ರೆ ನೀನು ಆಚೆ ಒಬ್ಬಳೇ ಆಗ್ತೀಯಲ್ಲಮ್ಮಾ?"

"ಆಗ್ತೀನಿ. ಬಾಗಿಲಾಚೆ ಅಷ್ಟೇ ತಾನೇ."

ಅವಳು ಬಗ್ಗಿ ಶೂ ಬಿಚ್ಚಿದಳು.

ಸಂಜೆ ಆರೂವರೆಗೆ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿದಳೆಂದು ನಾನು ಅವಳ ಮೇಲೆ ಕಿರುಚಿದೆ. ಬೀದಿಗೆ ಕೇಳುವಷ್ಟು ಕಿರುಚಿದೆ. ಅವಳು ಮುಖ ಕೆಂಪಗೆ ಮಾಡಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಅಪ್ಪನೂ ಹಿಂದೆಯೇ ಹೋದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ತುಂಬಾ ಹೊತ್ತಾದ ಮೇಲೆ ಒಳಗಿಂದ ಮಗ್ಗಿ ಕೇಳಿಸಿತು. ಹದಿಮೂರೇಳ್ಲ ತೊಂಬತ್ತೊಂದು, ಹದಿಮೂರೆಂಟ್ಲ... ಅಲ್ಲಿಗೆ ನಿಂತಿತು.

"ನೂರನಾಲ್ಕು" ಎಂದೆ, ಬಾಗಿಲಾಚೆಯಿಂದ.

"ಗೊತ್ತು" ಎಂದಳು. ಸ್ವಲ್ಪ ಬಿಟ್ಟು, "ನೀನು ಅಲ್ಲೇ ಇದ್ದೀಯಾ ಅಂತ ನೋಡ್ದೆ" ಎಂದಳು.