ಟೊಮೆಟೊ ಹೂವಿಗೆ ಟ್ರಿಮ್ಮರು

"ನೋಡಿ, ಇವತ್ತೂ ಉದುರಿವೆ," ಎಂದು ಕ್ಷೌರಿಕನ ಹೆಂಡತಿ ಅಂಗಡಿಯ ಬಾಗಿಲಲ್ಲೇ ನಿಂತು ಅಂಗೈ ಬಿಡಿಸಿದಳು. ಬಾಡಿದ ಹಳದಿ ಟೊಮೆಟೊ ಹೂಗಳು. ಅವನ ಕೈಯಲ್ಲಿ ಟ್ರಿಮ್ಮರು ಗುಯ್‌ಗುಡುತ್ತಿತ್ತು. ಕುರ್ಚಿಯಲ್ಲಿ ಕಪ್ಪು ಬಟ್ಟೆ ಹೊದ್ದು ಕೂತಿದ್ದವನು ಅವಳ ತಮ್ಮ.

ಸೇತುವೆ ಕುಸಿದ ಮೇಲೆ ಊರಿಗೆ ತರಕಾರಿ ಬರುವುದು ಸುತ್ತುದಾರಿಯಲ್ಲಿ, ವಾರಕ್ಕೊಮ್ಮೆ, ಅದೂ ಬಾಡಿ ಬಸವಳಿದು. ಶಾಲೆಯ ಮಕ್ಕಳ ತಟ್ಟೆಯಲ್ಲಿ ಬೇಳೆ ಬಿಟ್ಟರೆ ಬೇಳೆ. ನೋಡಲಾರದೆ ಅವಳೂ ಶಾಲೆಯ ಅಡುಗೆಯವಳೂ ಸೇರಿ ಮೈದಾನದ ಮೂಲೆಯಲ್ಲೊಂದು ಹಸಿರುಮನೆ ಕಟ್ಟಿದ್ದರು. ಚಾವಣಿಯ ಮಳೆನೀರು ಗಿಡಕ್ಕೆ, ಅಡುಗೆಮನೆಯ ಸಿಪ್ಪೆ ಗೊಬ್ಬರಕ್ಕೆ. ಅಂಗಡಿಯಲ್ಲಿ ಗುಡಿಸಿದ ಕೂದಲೂ ಅದೇ ಗುಂಡಿಗೆ. "ಅಂತೂ ಊರವರ ತಲೆ ಉಪಯೋಗಕ್ಕೆ ಬಂತು," ಎಂದು ಕ್ಷೌರಿಕ ನಗುತ್ತಿದ್ದ. ಸೊಪ್ಪು ಸೊಗಸಾಗಿ ಬಂತು. ಟೊಮೆಟೊ ಮಾತ್ರ ಹೂಬಿಟ್ಟು ಕೈಕೊಟ್ಟಿತು. ಈ ಸಲವೂ ಕಾಯಿ ಕಚ್ಚದಿದ್ದರೆ ಜಾಗ ಬಿಟ್ಟುಕೊಡಿ ಎಂದು ಮುಖ್ಯೋಪಾಧ್ಯಾಯಿನಿ ಹೇಳಿಯಾಗಿತ್ತು.

"ಒಳಗೆ ಗಾಳಿ ಇಲ್ಲ, ಪರದೆ ದಾಟಿ ಜೇನು ಬರಲ್ಲ. ಹೂವು ಅದುರಿದ್ರೇನೇ ಪರಾಗ ಉದುರೋದು. ಕಡ್ಡೀಲಿ ತಟ್ಟೀ ತಟ್ಟೀ ನನ್ನ ಕೈ ಬಿದ್ದುಹೋಯ್ತು," ಎಂದಳು ಹೆಂಡತಿ.

"ಅದುರಬೇಕಾ?"

"ಹೂಂ, ಜೇನು ಕೂತು ಗುಯ್ ಅಂದ ಹಾಗೆ."

ಅವನು ತನ್ನ ಕೈ ನೋಡಿಕೊಂಡ. ಟ್ರಿಮ್ಮರು ಅದುರಿ ಬೆರಳಿಂದ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಇಷ್ಟು ವರ್ಷ ಅದು ಲಕ್ಷ್ಯಕ್ಕೇ ಬಂದಿರಲಿಲ್ಲ.

"ನಡಿ," ಎಂದ.

"ಭಾವ, ಅರ್ಧ ತಲೆ ಹಾಗೇ ಇದೆ," ಎಂದ ಮೈದುನ.

"ಎಲ್ಲೂ ಓಡಿಹೋಗಲ್ಲ. ನೀನೂ ಬಾ."

ಮೂವರೂ ಬೀದಿಯಲ್ಲಿ ಓಡುನಡಿಗೆಯಲ್ಲಿ ಹೊರಟರು. ಅರ್ಧ ತಲೆಯವನನ್ನು ಕಂಡು ಜನ ತಿರುತಿರುಗಿ ನೋಡಿದರು.

ಹಸಿರುಮನೆಯೊಳಗೆ ಬೆಚ್ಚಗಿನ ಎಲೆವಾಸನೆ. "ಬ್ಲೇಡು ಜೋಕೆ," ಎಂದಳು. ಅವನು ಉಸಿರು ಬಿಗಿಹಿಡಿದು, ಟ್ರಿಮ್ಮರಿನ ಬೆನ್ನನ್ನು ಹೂಗೊಂಚಲಿನ ತೊಟ್ಟಿಗೆ ತಾಗಿಸಿದ. ಮೈದುನ ಹೊದ್ದ ಬಟ್ಟೆಯನ್ನೇ ಕೆಳಗೆ ಚಾಚಿದ. ಕಪ್ಪಿನ ಮೇಲೆ ತೆಳ್ಳಗೆ ಹಳದಿ ಪುಡಿ ಉದುರಿತು.

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. "ಇನ್ನೊಂದಕ್ಕೆ ಹಿಡೀರಿ."

ಅಂದಿನಿಂದ ಮಧ್ಯಾಹ್ನವಾದರೆ ಅಂಗಡಿಗೆ ಬೀಗ. ಸಾಲು ಸಾಲಿಗೂ ಅವನ ಗುಯ್‌ಗಾನ. ವಾರ ಕಳೆದಿರಬೇಕು, ಒಂದು ದಿನ ಹೆಂಡತಿ ಅವನ ತೋಳು ಹಿಡಿದು ಎಳೆದಳು. ಎಲೆಯ ಮರೆಯಲ್ಲಿ, ಒಣಗಿದ ಎಸಳುಗಳ ನಡುವೆ ಮೆಣಸಿನ ಕಾಳಿನಷ್ಟು ಹಸಿರು ಮಿಡಿ. ಪಕ್ಕದ್ದರಲ್ಲೂ. ಅದರ ಪಕ್ಕದ್ದರಲ್ಲೂ. ಅವನು ಮಂಡಿಯೂರಿ ಗಿಡದಿಂದ ಗಿಡಕ್ಕೆ ತೆವಳಿದ. ಮೊದಲ ಸಲ ಮಗಳನ್ನು ಎತ್ತಿಕೊಂಡಾಗಲೂ ಎದೆ ಹೀಗೇ ಹೊಡೆದುಕೊಂಡಿತ್ತು.

ಅಡುಗೆಯವಳು ಬಂದು, ಕನ್ನಡಕ ಒರೆಸಿಕೊಂಡು, ಬಗ್ಗಿ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

"ಎಲ್ಲಿಗಕ್ಕಾ?" ಎಂದಳು ಹೆಂಡತಿ.

"ಸಾರಿನ ದೊಡ್ಡ ಹಂಡೆ ತೊಳೆಯೋಕೆ."

"ಹಣ್ಣಾಗೋಕೆ ಇನ್ನೂ ತಿಂಗಳ ಮೇಲಾಗತ್ತೆ."

"ಅದರ ತುಕ್ಕು ಹೋಗೋಕೂ ಅಷ್ಟು ಬೇಕು."

ಸ್ವಲ್ಪ ಹೊತ್ತಿಗೆ ಮೈದಾನದ ಆಚೆಯಿಂದ ಹಂಡೆ ಉರುಳಿದ ಸದ್ದು, ಹಿಂದೆಯೇ ತೆಂಗಿನ ನಾರು ಗರಗರ ಉಜ್ಜುವ ಸದ್ದು ಕೇಳತೊಡಗಿತು.