ಹೊಸ ದೋಣಿಯ ಮೊದಲ ಬೇಟೆ

ಪಾಪಯ್ಯ ತನ್ನ ತೆಪ್ಪವನ್ನು ತಾನೇ ಸುಟ್ಟಿದ್ದ. ಯಾರನ್ನು ಬೈಯಲು ಹೊರಟರೂ ಈ ಸಂಗತಿ ಅಡ್ಡ ಬಂದು ನಿಲ್ಲುತ್ತಿತ್ತು. ಅದಕ್ಕೇ ಅವನ ಸಿಟ್ಟು ಎರಡರಷ್ಟಾಗಿತ್ತು.

ಆಗಿದ್ದಿಷ್ಟು. ಪಟ್ಟಂದೂರು ಅಗ್ರಹಾರದಿಂದಾಚೆಯ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಅವನ ಮನೆತನದ್ದು. ಫೆಬ್ರವರಿಯಲ್ಲಿ ಎದುರಿನ ಗಾಜಿನ ಕಟ್ಟಡದ ಕಂಪನಿಯವರು ಬಂದರು. ಸಮಾಜಸೇವೆಯ ಹೆಸರಿನಲ್ಲಿ ಹೊಸ ಫೈಬರ್ ದೋಣಿ ಕೊಡುತ್ತೇವೆ, ಹದಿನೈದೇ ದಿನ ಎಂದರು. ಹಾಗೆಂದವಳು ಶಶಿಕಲಾ, ಇಂಥ ಸೇವೆಗೆಂದೇ ಕಂಪನಿ ಸಂಬಳ ಕೊಟ್ಟು ಇಟ್ಟುಕೊಂಡ ಹೆಣ್ಣುಮಗಳು. ಪಾಪಯ್ಯನ ಮನೆಯಲ್ಲಿ ಒಂದು ಪದ್ಧತಿ. ಹೊಸದು ಬರುತ್ತದೆಂದು ಮಾತಾದ ಮೇಲೆ ಹಳೆಯ ತೆಪ್ಪ ದಡದಲ್ಲಿ ಇರಬಾರದು. ಅದರ ಬಿದಿರಿನ ಉರಿಯಲ್ಲೇ ಗಂಗಮ್ಮನಿಗೆ ಪೊಂಗಲು ಬೇಯಿಸಿ, ಬೂದಿಯನ್ನು ನೀರಿಗೆ ಬಿಡಬೇಕು. ಅಪ್ಪ ಹಾಗೇ ಮಾಡಿದ್ದ, ತಾತನೂ ಮಾಡಿದ್ದ. ಆದರೆ ಅವರಿಗೆಲ್ಲ ಮಾತು ಕೊಡುತ್ತಿದ್ದವನು ತೆಪ್ಪ ಹೆಣೆಯುವ ಮೇದರ ನಲ್ಲಪ್ಪ. ಅವನು ಶುಕ್ರವಾರ ಎಂದರೆ ಶುಕ್ರವಾರವೇ. ಕಂಪನಿಯ ಮಾತನ್ನೂ ಪಾಪಯ್ಯ ನಲ್ಲಪ್ಪನ ಮಾತಿನ ಹಾಗೇ ನಂಬಿದ. ಪೊಂಗಲನ್ನು ಬಾಳೆಲೆಯಲ್ಲಿ ಶಶಿಕಲಾಳಿಗೂ ಕೊಟ್ಟ. ಅವಳು ಫೋಟೊ ತೆಗೆದುಕೊಂಡು ತಿಂದಳು.

ಈ ಕಡೆ ಕೆರೆ ನಂಬಿದವರಿಗೆ ಗಡುವು ಒಂದೇ, ಮೊದಲ ದೊಡ್ಡ ಮಳೆ. ಆ ಮಳೆಗೆ ಬಡಾವಣೆಗಳ ಚರಂಡಿ ಪೂರಾ ಕೆರೆಗೆ ನುಗ್ಗುತ್ತದೆ, ಒಂದೇ ದಿನದಲ್ಲಿ ಮೀನು ಉಸಿರುಕಟ್ಟಿ ಸಾಯುತ್ತದೆ. ಅಷ್ಟರೊಳಗೆ ಹಿಡಿದು ಮುಗಿಸಬೇಕು. ಹೋದ ವರ್ಷ ಬಿಟ್ಟ ಮರಿಗಳು ಈಗ ಎರಡು ಕೈಯಲ್ಲಿ ಎತ್ತುವಷ್ಟು ಬೆಳೆದಿದ್ದವು. ಸಂಜೆಯಾದರೆ ನಡುಕೆರೆಯಲ್ಲಿ ಕಾಟ್ಲಾ ಮೀನು ಮಗುಚುವ ಸದ್ದು ದಡಕ್ಕೆ ಕೇಳುತ್ತಿತ್ತು.

ಮೊದಲ ವಾರ ಪಾಪಯ್ಯ ದೋಣಿ ನಿಲ್ಲಿಸುವಷ್ಟು ಜಾಗದ ಜೊಂಡು ಕಿತ್ತ. ಎರಡನೆಯ ವಾರ ಬಲೆಗೆ ಹೊಸ ಸೀಸದ ಗುಂಡು ಕಟ್ಟಿದ. ಮೂರನೆಯ ವಾರದಿಂದ ಕಟ್ಟುವುದಕ್ಕೆ ಏನೂ ಉಳಿಯದೆ, ಹೊಲಿದ ಬಲೆಯನ್ನೇ ಬಿಚ್ಚಿ ಹೊಲಿಯತೊಡಗಿದ. ತೆಪ್ಪಕ್ಕೆ ಒಂದೇ ಹುಟ್ಟು, ಮುಖ ಮುಂದಕ್ಕೆ. ಹೊಸ ದೋಣಿಗೆ ಎರಡು ಹುಟ್ಟು, ಬೆನ್ನು ಮುಂದಕ್ಕೆ ಮಾಡಿ ಕೂರಬೇಕಂತೆ. ಅದಕ್ಕೂ ಅಭ್ಯಾಸ ಬೇಕಲ್ಲ. ದಿನಾ ಬೆಳಗ್ಗೆ ಏರಿಯ ಮೇಲಿನ ಕಲ್ಲುಬೆಂಚಿನಲ್ಲಿ ಕೂತು, ಎರಡು ಕೋಲು ಹಿಡಿದು ಗಾಳಿಯನ್ನು ಎಳೆಯುತ್ತಿದ್ದ. ವಾಕಿಂಗ್ ಬಂದವರು ವಿಡಿಯೊ ಮಾಡಿಕೊಂಡರು. ಒಬ್ಬ ಮಹರಾಯ ಮಾತ್ರ ನಿಂತು, "ಅಂಕಲ್, ಬೆನ್ನು ನೆಟ್ಟಗಿರ್ಲಿ, ಇಲ್ದಿದ್ರೆ ಸ್ಲಿಪ್ ಡಿಸ್ಕ್ ಆಗುತ್ತೆ" ಎಂದು ಹೇಳಿಹೋದ. ಪಾಪಯ್ಯನಿಗೆ ಮೈಯೆಲ್ಲ ಉರಿಯಿತು.

ಮಾರ್ಚ್‌ನಲ್ಲಿ ಫೋನು ಮಾಡಿದರೆ ಶಶಿಕಲಾ, "ಬಣ್ಣ ಅಪ್ರೂವ್ ಆಗ್ಬೇಕು ಅಂಕಲ್, ನೆಕ್ಸ್ಟ್ ವೀಕ್ ಪಕ್ಕಾ" ಎಂದಳು. ಏಪ್ರಿಲ್‌ನಲ್ಲಿ, "ದೊಡ್ಡ ಸಾರ್ ಡೇಟ್ ಕೊಡ್ಬೇಕು" ಎಂದಳು.

"ಡೇಟು ನಂಗೂ ಒಂದೈತೆ ಮೇಡಂ. ಮಳೆ ಬಂದ್ರೆ ಮೀನು ಉಳಿಯಾಕಿಲ್ಲ."

"ಗೊತ್ತು ಅಂಕಲ್, ನೋಟ್ ಮಾಡ್ಕೊಂಡಿದೀನಿ."

ಹೆಂಡತಿ ಮಾರಕ್ಕ ಕೇಳಿಕೇಳಿ ಸಾಕಾಗಿದ್ದಳು. "ನಲ್ಲಪ್ಪನ ಮಗನ್ನಾದ್ರೂ ಕರ್ದು ಒಂದು ತೆಪ್ಪ ಕಟ್ಟಿಸ್ಕೊ. ಮೂರು ದಿನದ ಕೆಲ್ಸ."

"ಮುಂದಿನ್ ವಾರ ದೋಣಿ ಬರೋವಾಗ ತೆಪ್ಪ ಯಾಕೆ?"

"ಅಂಗಂದು ಎಷ್ಟು ವಾರ ಆಯ್ತು?"

ಪಾಪಯ್ಯ ಮತ್ತೆ ಬಲೆ ಬಿಚ್ಚತೊಡಗಿದ. ಕಂಪನಿಯವರು ಮಾತು ಕೊಟ್ಟ ಮೇಲೆ ಇನ್ನೊಂದು ತೆಪ್ಪ ಕಟ್ಟಿಸಿದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ ಎಂದುಕೊಂಡಿದ್ದ. ಅಷ್ಟು ಮರ್ಯಾದೆ ಅವನಲ್ಲಿತ್ತು. ಅದು ತಪ್ಪಾಗಿತ್ತು.

ಮೇ ಎರಡನೆಯ ವಾರ, ಮಧ್ಯಾಹ್ನ ಮೂರಕ್ಕೆ ಶುರುವಾದ ಮಳೆ ಕತ್ತಲಾಗುವವರೆಗೂ ಬಿಡಲಿಲ್ಲ. ಮಾರನೆಯ ದಿನ ಕೆರೆಯ ತುಂಬ ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡ ಮೀನು. ಪಾಪಯ್ಯ ಏರಿಯ ಮೇಲೆ ನಿಂತು ನೋಡಿದ. ಮಾರಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅವನಿಗೆ ಅಳು ಬರಲಿಲ್ಲ.

ಅದರ ಮಾರನೆಯ ಬೆಳಗ್ಗೆ ದೋಣಿ ಬಂತು.

ಟೆಂಪೊದಿಂದ ಇಳಿಸುತ್ತಿದ್ದ ಕಂಪನಿಯ ಡ್ರೈವರ್ ದೇವರಾಜ್‌ನನ್ನು ಪಾಪಯ್ಯ ಸುಮ್ಮನೆ ಕೇಳಿದ, "ಯಾವಾಗ ರೆಡಿ ಆಯ್ತಣ್ಣ ಇದು?"

"ರೆಡೀನಾ? ಮಾರ್ಚ್ ಮೊದಲ್ನೇ ವಾರಾನೇ ಬಂತಲ್ಲ ಯಜಮಾನ್ರೆ. ನಮ್ಮ ಬೇಸ್‌ಮೆಂಟ್ ಪಾರ್ಕಿಂಗಲ್ಲೇ ಇತ್ತು, ಟಾರ್ಪಾಲ್ ಮುಚ್ಚಿ. ನಾವ್ ಡ್ರೈವರ್‌ಗಳೆಲ್ಲ ಅದ್ರಲ್ಲೇ ಕೂತು ತಿಂಡಿ ತಿಂತಿದ್ವಿ."

ರಸ್ತೆ ದಾಟಿದರೆ ಸಿಗುವಷ್ಟು ದೂರ. ಎರಡು ತಿಂಗಳು ಅವನು ಬೆಂಚಿನ ಮೇಲೆ ಕೂತು ಗಾಳಿ ಎಳೆಯುತ್ತಿದ್ದಾಗ ದೋಣಿ ಎದುರಿನ ಕಟ್ಟಡದ ಕೆಳಗೇ ಇತ್ತು.

ಶಾಮಿಯಾನ ಎದ್ದಿತು. ಕಂಪನಿಯ ದೊಡ್ಡ ಸಾರ್ ಬಂದು, ಮೂಗಿಗೆ ಕರ್ಚೀಫು ಹಿಡಿದೇ ರಿಬ್ಬನ್ ಕತ್ತರಿಸಿದರು. ಶಶಿಕಲಾ ಪಾಪಯ್ಯನ ಹತ್ತಿರ ಬಂದು ಮೆಲ್ಲಗೆ, "ಅಂಕಲ್, ಒಂದೇ ಒಂದ್ ರೌಂಡ್ ಹೋಗ್ಬನ್ನಿ, ಫೋಟೊಗೆ. ಸತ್ತಿರೋದೆಲ್ಲ ಫ್ರೇಮಲ್ಲಿ ಬೀಳ್ದೇ ಇರೋ ಕಡೆ ಹೋಗಿ" ಎಂದಳು.

"ಇದು ಬೇಸ್‌ಮೆಂಟಲ್ಲಿ ಇದ್ದಿದ್ದು ನಿಂಗೆ ಗೊತ್ತಿತ್ತೇನವ್ವ?"

ಅವಳ ಮುಖ ಸಣ್ಣದಾಯಿತು. "ರಿಬ್ಬನ್ ಕಟ್ ಮಾಡೋಕೆ ಸಾರ್ ಡೇಟ್ ಸಿಕ್ಕಿರ್ಲಿಲ್ಲ ಅಂಕಲ್. ನನ್ ಕೈಲಿರ್ಲಿಲ್ಲ."

ಪಾಪಯ್ಯ ಮಾರಕ್ಕನನ್ನು ಕರೆದು ಹತ್ತಿಸಿಕೊಂಡು ದೋಣಿ ನೀರಿಗೆ ನೂಕಿದ. ಶಾಮಿಯಾನದಡಿ ಚಪ್ಪಾಳೆ ಬಿತ್ತು. ಅವನು ನೇರ ನಡುಕೆರೆಗೆ ಹೋದ. ಮಾರಕ್ಕ ಒಂದೊಂದೇ ಮೀನನ್ನು ಕಿವಿರು ಹಿಡಿದೆತ್ತಿ ಒಳಗೆ ಹಾಕಿದಳು. ದೋಣಿ ಅಂಚಿನವರೆಗೂ ತುಂಬಿತು. ತಿರುಗಿಸಿ ತಂದು ಶಾಮಿಯಾನದ ಮುಂದಿನ ದಡಕ್ಕೆ ಗುದ್ದಿದಾಗ, ಚಪ್ಪಾಳೆ ತಟ್ಟುತ್ತಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮೊದಲು ಸರಿದವರು ದೊಡ್ಡ ಸಾರ್.

ಪಾಪಯ್ಯ ಎರಡು ಕೈಯಲ್ಲಿ ಒಂದು ಕಾಟ್ಲಾ ಎತ್ತಿಕೊಂಡು ಅವರ ಮುಂದೆ ಹೋಗಿ ನಿಂತ. ದನಿ ಏರಿಸಲಿಲ್ಲ.

"ಓಗ್ಬ್ಯಾಡಿ ಸಾಮಿ. ಒಸಾ ದೋಣೀಲಿ ಸಿಕ್ಕಿದ ಮೊದಲ್ನೇ ಬೇಟೆ ನಾವು ಮನೆಗೆ ಒಯ್ಯಾಕಿಲ್ಲ, ದೋಣಿ ಕೊಟ್ಟೋರ್ಗೇ ಕೊಡೋದು. ಪೂರಾ ನಿಮ್ದೇ. ಕೈ ಒಡ್ಡಿ."

ದೊಡ್ಡ ಸಾರ್ ಶಶಿಕಲಾಳ ಕಡೆ ನೋಡಿದರು. ಶಶಿಕಲಾ ನೆಲ ನೋಡಿದಳು. ಪಾಪಯ್ಯ ಕೈ ಚಾಚಿಕೊಂಡೇ ನಿಂತಿದ್ದ.