ತಾಟಿನಲ್ಲಿ ಉಳಿಯಬಾರದು

ಫಕೀರಪ್ಪ ಬಡಿಸಿದ್ದನ್ನು ಬಿಡುವವರಲ್ಲ. ಲಿಂಗಕ್ಕೆ ತೋರಿಸಿದ ಮೇಲೆ ತಾಟಿನಲ್ಲಿದ್ದದ್ದು ಪ್ರಸಾದ. ಉಂಡಾದ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ದುಡಿಯುತ್ತಿದ್ದ ದಲಾಲಿ ಅಂಗಡಿಯ ಕಾಳಿನ ದೂಳು, ಬೀಡಿ ಎರಡೂ ಸೇರಿ ಅವರ ಶ್ವಾಸಕೋಶ ಕೆಡಿಸಿದ್ದವು. ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಅಂಗಿ ಗೂಟಕ್ಕೆ ಹಾಕಿದಂತೆ ಮೈಮೇಲೆ ಜೋತಾಡುತ್ತಿತ್ತು.

“ಉಸಿರಾಡೂದಕ್ಕ ಕಾಕಾನ ಶಕ್ತಿ ಎಲ್ಲಾ ಹೊಂಟೈತ್ರಿ. ತೂಕ ಇನ್ನ ಇಳಿಬಾರದು. ತುಪ್ಪ, ಹಾಲು, ಶೇಂಗಾ ಸ್ವಲ್ಪ ಸ್ವಲ್ಪ, ಮ್ಯಾಲಿಂದ ಮ್ಯಾಲೆ ಕೊಡ್ರಿ ಕಾಕು,” ಎಂದಿದ್ದಳು, ದವಾಖಾನೆಯಲ್ಲಿ ಊಟದ ಬಗ್ಗೆ ತಿಳಿಸಿಕೊಡುವ ಯಾಸ್ಮಿನ.

ಹೆಂಡತಿ ಶಿವಬಸವ್ವನ ಕಿವಿಯಲ್ಲಿ ಉಳಿದದ್ದು ತೂಕದ ಮಾತೊಂದೇ. ಗಂಡ ಅರ್ಧ ರೊಟ್ಟಿ ಕೇಳಿದರೆ ಶೇಂಗಾ ಚಟ್ನಿಪುಡಿ, ತುಪ್ಪ ಹಾಕಿ ಕೊಡುವಳು. ಉಣ್ಣುತ್ತಿದ್ದಂತೆ ಇನ್ನೊಂದು ಚೂರು ಜಾರಿಸುವಳು. ಹೇಗೂ ಬಿಡುವುದಿಲ್ಲ ಎಂಬ ಧೈರ್ಯ.

“ಇಷ್ಟ ರೀ, ಮುಗೀತು.”

“ನನ್ನ ಹೊಟ್ಟಿ ಏನ ಜ್ವಾಳದ ಚೀಲ ಅಂತ ತಿಳದಿ? ತುರುಕಿ ಹೊಲಿಗಿ ಹಾಕಾಕತ್ತಿ.”

ತುತ್ತಿಗೊಮ್ಮೆ ನಿಂತು ಉಸಿರೆಳೆಯುತ್ತ, ತುಟಿ ನೀಲಿಗಟ್ಟಿದರೂ ಅವರು ತಾಟು ಖಾಲಿ ಮಾಡುತ್ತಿದ್ದರು. ಆಮೇಲೆ ಸಂಜೆಯವರೆಗೆ ಗೋಡೆಗೆ ಒರಗಿ ಕೂತುಬಿಡುವರು. ಹಾಲೂ ಬೇಡ, ನೀರೂ ಬೇಡ.

ಮುಂದಿನ ಸಲ ತೂಗಿದಾಗ ತೂಕ ಇಳಿದೇ ಇತ್ತು.

“ಹೊಟ್ಟಿ ಬಿಗದರ ಉಸಿರಿಗೆ ಜಾಗಾನ ಇರೂದಿಲ್ರಿ ಕಾಕು,” ಎಂದ ಯಾಸ್ಮಿನ ಫಕೀರಪ್ಪನವರ ಕಡೆ ತಿರುಗಿದಳು. “ಸಾಕಾದರ ತಾಟಿನ್ಯಾಗ ಬಿಡ್ರಿ ಕಾಕಾ. ಏನೂ ಆಗೂದಿಲ್ಲ.”

“ನಿನಗ ಏನೂ ಆಗೂದಿಲ್ಲವ್ವಾ,” ಎಂದು ಅವರು ನಕ್ಕರು. ನಗು ಕೆಮ್ಮಾಯಿತು.

ಮರುದಿನ ಅವರು ಊಟಕ್ಕೇ ಕೂರಲಿಲ್ಲ. “ಮುಗಸಾಕ ಆಗದ್ದಕ್ಕ ಕೈ ಹಚ್ಚೂದಿಲ್ಲ ನಾ,” ಎಂದರು. ತಾನು ಯಾವ ಹಟವನ್ನು ನಂಬಿ ಬಡಿಸಿದ್ದಳೋ ಅದೇ ಈಗ ಅಡ್ಡ ನಿಂತದ್ದು ಶಿವಬಸವ್ವನಿಗೆ ಆಗ ತಿಳಿಯಿತು.

ಅವಳು ಗಂಜಿ ಕಾಸಿ ಒಂದೇ ಚಮಚ ತಂದಳು.

“ತಾಟ ಇಟ್ಟಿಲ್ರಿ. ಬರೇ ಚಮಚ. ಇಷ್ಟ.”

ಫಕೀರಪ್ಪ ಚಮಚ ನೋಡಲಿಲ್ಲ. ಬಗ್ಗಿ, ಇನ್ನೂ ಗಂಜಿ ಇದೆಯೇ ಎಂದು ಅವಳ ಬೆನ್ನ ಹಿಂದೆ ನೋಡಿದರು.

“ದಿನಾ ಹಂಗ ಅಂದಿ.”

ಅವಳು ಉಳಿದ ಗಂಜಿಯನ್ನು ಮೋರಿಗೆ ಸುರಿದು, ಪಾತ್ರೆಯನ್ನು ಅವರೆದುರು ಬೋರಲು ಹಾಕಿ ತೋರಿಸಿದಳು. ಅವರು ತುಟಿ ಬಿಗಿಹಿಡಿದು ಬೇಡವೆಂದು ತಲೆಯಾಡಿಸಿದರು. ಕೈ ಸೋಲುವವರೆಗೆ ಅವಳು ಚಮಚ ಹಿಡಿದೇ ಕೂತಳು. ಏನು ಹೇಳಿದರೆ ನಂಬಿಯಾರೆಂದು ಅವಳಿಗೆ ಹೊಳೆಯಲಿಲ್ಲ.